ದಡ್ಡಿಯ ಸರದಿ

“ದಡ್ಡಿ ನೀನೇ ಆಗ್ಬೇಕು ಕಣಮ್ಮ. ನಿನ್ ಮಕಕ್ಕೆ ಬಣ್ಣ ಬಳಿಯೋದೇ ಬ್ಯಾಡ, ಹಂಗೇ ಒಪ್ತದೆ,” ಎಂದರು ಪ್ರಿನ್ಸಿಪಾಲ್ ಅಶ್ವತ್ಥಪ್ಪ. ಸುತ್ತ ನಿಂತ ಸಹಪಾಠಿಗಳು ಕಿಸಕ್ಕನೆ ನಕ್ಕರು. ಪ್ರಮೀಳಾ ನೆಲ ಒರೆಸುವ ಬಟ್ಟೆ ಹಿಂಡಿದಳು.

ಹಿಂದೂಪುರದ ಹೊರಗಿನ ಆ ಬಿ.ಎಡ್. ಕಾಲೇಜಿನಲ್ಲಿ ಪಾಠ ಹೇಳುವುದನ್ನು ಕಲಿಯಲು ಯಾರೂ ಯಾವ ಶಾಲೆಯ ಮೆಟ್ಟಿಲನ್ನೂ ಹತ್ತಿರಲಿಲ್ಲ. ಇದೇ ಕೋಣೆಯಲ್ಲಿ ಒಬ್ಬರು ಮೇಷ್ಟ್ರಾಗುವುದು, ಮಿಕ್ಕವರು ಮಕ್ಕಳಾಗುವುದು. ಮಕ್ಕಳಲ್ಲಿ ಒಂದು ಜಾಣ ಮಗು, ಒಂದು ತುಂಟ ಮಗು, ಒಂದು ದಡ್ಡ ಮಗು. ಜಾಣರೂ ತುಂಟರೂ ಪಾಠಕ್ಕೊಬ್ಬರು ಬದಲಾಗುತ್ತಿದ್ದರು. ದಡ್ಡಿ ಮಾತ್ರ ಎರಡು ವರ್ಷವೂ ಬ್ರಹ್ಮಸಮುದ್ರದ ಕೇರಿಯ ಪ್ರಮೀಳಾ ಒಬ್ಬಳೇ. ಅವಳವ್ವ ಲಕ್ಷ್ಮಕ್ಕ ಕಲ್ಯಾಣದುರ್ಗದ ಸುತ್ತಿನ ಹೊಲಗಳಲ್ಲಿ ಕಡಲೆಕಾಯಿ ಕಿತ್ತು, ಮಗಳು ಟೀಚರಮ್ಮ ಆಗಲೆಂದು ಇಲ್ಲಿಗೆ ಕಳಿಸಿದ್ದಳು. ಮಗಳು ಬೇಕೆಂದೇ ತಪ್ಪು ಉತ್ತರ ಹೇಳಿ ಬೈಸಿಕೊಳ್ಳುವುದನ್ನು ಕಲಿತಿದ್ದಳು.

ಇವತ್ತು ಕೊನೆಯ ಪಾಠದ ಪರೀಕ್ಷೆ. ಹೊರಗಿನಿಂದ ಬಂದ ಪರೀಕ್ಷಕರ ಮುಂದೆ ಪಾಠ ಮಾಡದವರು ಫೇಲು.

“ನನ್ ಪಾಠ ಯಾವಾಗ ಸಾರ್?”

“ಚಂದ್ರಮೋಹನಂದು ಆದ್ಮ್ಯಾಲೆ ನಿಂದೇ. ಆದ್ರೆ ಅವನ್ ಪಾಠದಾಗೆ ನೆಟ್ಟಗೆ ದಡ್ಡಿ ಆಗ್ಬೇಕು, ತೆಲಿಸಿಂದಾ, ಗೊತ್ತಾಯ್ತಾ? ಉಂಡ ಅನ್ನ ಮೊದ್ಲು ಎಲ್ಲಿಗೋಯ್ತದೆ ಅಂತ ಕೇಳ್ತಾನೆ. ‘ತಿಪ್ಪೆಗೆ ಸಾರ್’ ಅನ್ನು. ಎಲ್ಲಾ ನಗ್ತಾರೆ. ಅವನು ತಿದ್ತಾನೆ. ತಿದ್ದಿದ್ದಕ್ಕೇ ಮಾರ್ಕು.”

ಚಂದ್ರಮೋಹನ್ ಕೊಡಿಕೊಂಡದ ಡಾಬಾ ಮಾಲೀಕನ ಮಗ. ಕಾಲೇಜಿಗೆ ಸೇರಿದ ದಿನ ಮುಖ ತೋರಿಸಿದ್ದವನು ಈಗ ಮತ್ತೆ ತೋರಿಸಿದ್ದ. ಅವನ ಡಾಬಾದ ಬಿರಿಯಾನಿ ಪಾತ್ರೆ ಆಗಲೇ ವರಾಂಡದಲ್ಲಿ ಕೂತಿತ್ತು. ಪರೀಕ್ಷಕ ಜಯಚಂದ್ರ ಬೆಳಗಿನ ವಡೆಯ ಚೂರನ್ನು ಗುಂಡುಪಿನ್ನಿನಿಂದ ಹಲ್ಲಿನ ಸಂದಿಯಿಂದ ಕಿತ್ತು, ಟೇಬಲ್ ಬಟ್ಟೆಗೆ ಒರೆಸಿದರು.

“ಹ್ಞೂಂ, ಕಾನಿವ್ವಂಡಿ, ಸುರು ಮಾಡ್ರಿ,” ಎಂದರು.

“ಉಂಡ ಅನ್ನ ಮೊದಲು ಎಲ್ಲಿಗೆ ಹೋಗುತ್ತೆ?” ಚಂದ್ರಮೋಹನ್ ಉರು ಹೊಡೆದಂತೆ ಕೇಳಿದ.

“ತಿಪ್ಪೆಗೆ ಸಾರ್.”

ಕೋಣೆ ಗೊಳ್ಳೆಂದಿತು. ಜಯಚಂದ್ರರ ಹೊಟ್ಟೆ ಕುಲುಕಿತು. ಈಗ ತಿದ್ದಬೇಕು. ಉರು ಹೊಡೆದಿದ್ದ ಉತ್ತರ ಚಂದ್ರಮೋಹನ್‌ಗೆ ಮರೆತುಹೋಗಿತ್ತು. ಏನೂ ತೋಚದೆ ಬಂದು ಅವಳ ಕಿವಿ ಹಿಡಿದು ತಿರುಪಿದ.

“ಮುಂಡೇದೆ, ತಿಪ್ಪೆ ಇರೋದು ನಿಮ್ ಕೇರೀಲಿ! ನಿಂತ್ಕಾ ಬೆಂಚಿನ್ ಮ್ಯಾಲೆ!”

ಇದು ಹೇಳಿಕೊಟ್ಟ ಪಾಠದಲ್ಲಿ ಇರಲಿಲ್ಲ. ಅಶ್ವತ್ಥಪ್ಪ ಹತ್ತು ಅಂತ ಅವಳನ್ನು ಕಣ್ಣಲ್ಲೇ ಗದರಿದರು. ಪ್ರಮೀಳಾ ಸೀರೆ ಎತ್ತಿ ಹಿಡಿದು ಬೆಂಚು ಹತ್ತಿ ನಿಂತಳು.

“ಕ್ಲಾಸ್ ಕಂಟ್ರೋಲ್ ಭೇಷ್,” ಎಂದು ಜಯಚಂದ್ರ ತೇಗಿದರು.

ಕೆಳಗಿಳಿದವಳೇ ಅವಳು ಚಾಕ್‌ಪೀಸ್ ಕೈಗೆತ್ತಿಕೊಂಡಳು. “ಈಗ ನಂದು ಸಾರ್.”

“ಬಿರಿಯಾನಿ ಆರೋಯ್ತದೆ, ಹೋಗಮ್ಮ, ತಟ್ಟೆ ತೊಳಿ,” ಎಂದರು ಅಶ್ವತ್ಥಪ್ಪ.

“ನಾನ್ ಫೇಲಾಯ್ತೀನಿ ಸಾರ್. ಮಾತ್ ಕೊಟ್ಟಿದ್ರಿ.”

“ಆಗು. ಎಲ್ಡ್ ವರ್ಸ ದಡ್ಡಿ ಆಗಿದ್ದೋಳ್ಗೆ ಫೇಲಾಗೋದೇನ್ ಹೊಸದಾ?”

ಮತ್ತೆ ನಗು. ಪ್ರಮೀಳಾ ಬಾಗಿಲ ಕಡೆ ನಡೆದಳು. ತಟ್ಟೆಗೆ ಹೊರಟಳೆಂದು ಎಲ್ಲರೂ ಅಂದುಕೊಂಡರು. ಅವಳು ಬಾಗಿಲು ಹಾಕಿ ಅಗುಳಿ ಎಳೆದಳು.

“ಕುಂಡ್ರಿ.”

ಅರ್ಧ ಎದ್ದಿದ್ದ ಜಯಚಂದ್ರ ಕೂತುಬಿಟ್ಟರು. “ಏನಮ್ಮ ಇದು?”

“ಪಾಠ ಸಾರ್. ಇಲ್ಲಿಗ್ ಬಂದು ಉಂಡಿದ್ದೆಲ್ಲ ಎಲ್ಲಿಗೋಯ್ತದೆ? ಹೇಳ್ರಿ.”

ಅವರು ತುಟಿಯ ಎಣ್ಣೆ ಒರೆಸಿಕೊಂಡು ಅಶ್ವತ್ಥಪ್ಪನವರ ಕಡೆ ನೋಡಿದರು.

“ಬಾಗ್ಲು ತಗಿಯೇ ಬೋಸುಡಿ!” ಅಶ್ವತ್ಥಪ್ಪ ನುಗ್ಗಿ ಬಂದರು.

ಪ್ರಮೀಳಾ ಕೈ ಚಾಚಿ ಅವರ ಕಿವಿ ಹಿಡಿದಳು. ಬೆವರಿಗೆ ಜಾರುತ್ತಿತ್ತು, ಚಾಕ್‌ಪೀಸಿನ ಪುಡಿಯಿಂದ ಹಿಡಿತ ಸಿಕ್ಕಿತು. ಚಂದ್ರಮೋಹನ್ ತಿರುಪಿದ ಕಡೆಗೇ ತಿರುಪಿದಳು.

“ತಪ್ಪು ಕಣಯ್ಯ. ನಿಂತ್ಕಾ ಬೆಂಚಿನ್ ಮ್ಯಾಲೆ.”

ಈ ಸಲ ಯಾರೂ ನಗಲಿಲ್ಲ. ಹೊರಗೆ ಬಿರಿಯಾನಿ ಬಡಿಸಲು ಕಾದು ನಿಂತಿದ್ದ ಡಾಬಾದವನು ಬಾಗಿಲು ಬಡಿಯುತ್ತಲೇ ಇದ್ದ.