ಎಡಗೈಯ ಮೂರು ಬೆರಳು

ಅಂಗಡಿಯ ಕನ್ನಡಿ ಕೆಳಗಿದ್ದ ಗಾಜಿನ ಹಲಗೆ ಕಳಚಿ ಬಿದ್ದಾಗ, ಅದನ್ನು ಹಿಡಿಯಲೆಂದು ಕ್ಷೌರಿಕ ಎಡಗೈ ಚಾಚಿದ. ಗಾಜು ಮಣಿಕಟ್ಟನ್ನು ಸೀಳಿಕೊಂಡು ಹೋಯಿತು. ಆಸ್ಪತ್ರೆಯಲ್ಲಿ ತುಂಡಾಗಿದ್ದ ನರವನ್ನು ಜೋಡಿಸಿ ಹೊಲಿದರು. ಗಾಯವೇನೋ ಮಾಯಿತು, ಹೆಬ್ಬೆರಳು, ತೋರುಬೆರಳು, ನಡುಬೆರಳು ಮಾತ್ರ ಮರಗಟ್ಟಿಯೇ ಉಳಿದವು.

"ಬಲಗೈ ಗಟ್ಟಿಯಾಗಿದೆಯಲ್ಲ, ಕತ್ತಿ ಹಿಡಿಯೋದು ಅದರಲ್ಲೇ ತಾನೆ?" ಎಂದು ನೋಡಲು ಬಂದವರೆಲ್ಲ ಸಮಾಧಾನ ಹೇಳಿದರು. ಅವನು ಹೂಂಗುಟ್ಟುತ್ತಿದ್ದ. ಕತ್ತಿ ಬಲಗೈಯದೇ. ಆದರೆ ಕೆನ್ನೆಯನ್ನು ಎಳೆದು ಹಿಡಿದು, ಕೂದಲು ಯಾವ ಕಡೆ ಮಲಗಿದೆ, ಎಲ್ಲಿ ಮೊಡವೆಯಿದೆ, ಎಲ್ಲಿ ಇನ್ನೂ ತರಿತರಿ ಉಳಿದಿದೆ ಎಂದು ತಿಳಿದುಕೊಳ್ಳುತ್ತಿದ್ದದ್ದು ಎಡಗೈಯ ಆ ಬೆರಳುಗಳು.

ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಹೆಂಡತಿ ಕಿರುಚಿದಳು. "ಅಯ್ಯೋ, ಕೈ ತೆಗೀರಿ!" ಅವನ ತೋರುಬೆರಳು ಕುದಿಯುವ ಪಾತ್ರೆಗೆ ಆನಿಕೊಂಡಿತ್ತು. ಬೊಬ್ಬೆ ಎದ್ದದ್ದನ್ನು ಅವಳು ಕಂಡಳೇ ಹೊರತು ಅವನಿಗೆ ಏನೂ ಅನ್ನಿಸಿರಲಿಲ್ಲ. ಮುಲಾಮು ಹಚ್ಚುತ್ತಾ ಅವಳು ಅತ್ತಳು. ಅವಳ ಕೈ ಬಿಸಿಯೋ ತಂಪೋ ಎಂಬುದೂ ಅವನಿಗೆ ಗೊತ್ತಾಗಲಿಲ್ಲ. ಅದನ್ನು ಅವಳಿಗೆ ಹೇಳಲಿಲ್ಲ.

ಕೈಗೆ ವ್ಯಾಯಾಮ ಕಲಿಸುವ ಚಿಕಿತ್ಸಕಿಗೆ ಮಾತ್ರ ಎಲ್ಲ ಹೇಳಿಕೊಂಡ. ಅವಳು ಅವನ ಬೆರಳ ತುದಿಯನ್ನು ಮೇಲೆತ್ತಿ ತೋರಿಸಿದಳು.

"ಈ ಚರ್ಮದೊಳಗೆ ಮುಟ್ಟಿದ್ದನ್ನ ಗ್ರಹಿಸೋ ಸಣ್ಣ ಸಣ್ಣ ಗ್ರಾಹಕಗಳಿವೆ. ಎಲ್ಲದರ ಕೆಲಸ ಒಂದೇ ಅಲ್ಲ. ಏನಾದ್ರೂ ಹಗುರವಾಗಿ ಜಾರಿದ್ರೆ ಎಚ್ಚರಾಗೋದು ಕೆಲವು. ಒತ್ತಿ ಹಿಡಿದಷ್ಟು ಹೊತ್ತೂ ಸುದ್ದಿ ಕಳಿಸ್ತಾ ಇರೋದು ಇನ್ನು ಕೆಲವು. ಚರ್ಮ ಎಳೆದ್ರೆ ತಿಳಿಯೋದು ಬೇರೆ, ಆಳದಲ್ಲಿ ಕೂತು ಕಂಪನ ಹಿಡಿಯೋದು ಬೇರೆ. ಬಿಸಿ, ತಂಪು, ನೋವು ಅಂದ್ರೆ ನರದ ಬರೀ ತುದಿಗಳೇ ಸಾಕು."

"ನನ್ನವೆಲ್ಲ ಸತ್ತುಹೋದ್ವಾ ಹಾಗಾದ್ರೆ?"

"ಇಲ್ಲಪ್ಪಾ. ಸುದ್ದಿ ಒಯ್ಯೋ ದಾರಿ ಕಡಿದಿದೆ. ಹೊಲಿದಿದ್ರೂ ನರ ಮಣಿಕಟ್ಟಿಂದ ಮತ್ತೆ ಬೆಳೀತಾ ಬರ್ಬೇಕು. ಅದಕ್ಕೆ ಅವಸರ ಅನ್ನೋದೇ ಗೊತ್ತಿಲ್ಲ."

ತಿಂಗಳುಗಳು ಕಳೆದವು. ಬೆರಳಲ್ಲಿ ಇರುವೆ ಹರಿದಂತಾಗತೊಡಗಿದಾಗ ಮನೆಯಲ್ಲಿ ಸಂಭ್ರಮವೋ ಸಂಭ್ರಮ. ಪರದೆ ಹೊಲಿಯುವ ಹೆಂಡತಿ ರೇಷ್ಮೆ, ಉಣ್ಣೆ, ಗೋಣಿಯ ಚೂರುಗಳನ್ನು ಹರಡಿ ಕಣ್ಣು ಮುಚ್ಚಿಸಿ ಮುಟ್ಟಿಸಿದಳು. ನಡುಬೆರಳಿಗೆ ತಾಗಿಸಿದರೆ ಅವನು ತೋರುಬೆರಳು ಎಂದ. ರೇಷ್ಮೆಯನ್ನು ಗೋಣಿ ಎಂದ. ಹೊಸದಾಗಿ ಬೆಳೆದ ನರದ ಎಳೆಗಳು ಎಷ್ಟೋ ಕಡೆ ತಪ್ಪು ಜಾಗಕ್ಕೆ ಸೇರಿಕೊಂಡಿದ್ದವು; ಹಳೆಯ ಲೆಕ್ಕದಲ್ಲೇ ಇದ್ದ ಮಿದುಳು ಗಲಿಬಿಲಿಗೊಂಡಿತ್ತು. ನೋಡಿ ಮುಟ್ಟು, ಕಣ್ಣು ಮುಚ್ಚಿ ಮುಟ್ಟು, ಮತ್ತೆ ನೋಡು, ಹಾಗೆಯೇ ಮಿದುಳಿಗೆ ಕಲಿಸಬೇಕು ಎಂದಿದ್ದಳು ಚಿಕಿತ್ಸಕಿ. ಅವನು ಚೂರುಗಳನ್ನೆಲ್ಲ ಮೂಲೆಗೆ ಎಸೆದು, "ಅಂಗಡಿ ಮಾರಿಬಿಡೋಣ" ಎಂದ.

ಮರುದಿನ ಮಾವ ಬಂದರು. ಬಸ್ ಓಡಿಸಿ ನಿವೃತ್ತರಾದವರು. ಹಿಂದಿನ ಸೀಟಿಗೂ ಕೇಳುವಂಥ ದನಿ. ಮಗಳ ಮದುವೆಯಾದಾಗಿನಿಂದ ಅಳಿಯನ ಅಂಗಡಿ ಬಿಟ್ಟು ಎರಡು ಬೀದಿ ಆಚೆ ಹೋಗಿ ಗಡ್ಡ ಹೆರೆಸಿಕೊಳ್ಳುತ್ತಿದ್ದರು. ಅದು ಅಳಿಯನ ಮನಸ್ಸಿನಲ್ಲಿ ಮುಳ್ಳಾಗಿತ್ತು. ಈಗ ಅವರ ಮುಖದ ತುಂಬ ಬಿಳಿ ಕುರುಚಲು.

"ಬಟ್ಟೆ ಚೂರಿಗೆ ಗಡ್ಡ ಬೆಳೆಯುತ್ತೇನಯ್ಯಾ? ಬಾ, ಇಲ್ಲಿ ಕೈ ಇಡು" ಎಂದು ಕುರ್ಚಿಯಲ್ಲಿ ಕೂತು ಗದ್ದ ಎತ್ತಿದರು.

ಅವನು ಹಿಂಜರಿಯುತ್ತಲೇ ನಡುಬೆರಳಿಟ್ಟ. ಕೂದಲು ತಿಳಿಯಲಿಲ್ಲ. ಗಂಟಲ ಬಳಿಗೆ ಸರಿಸಿದಾಗ ಮಾವ, "ಏನು, ಗೊತ್ತಾಗ್ತಿದೆಯಾ?" ಎಂದು ಗದರಿದರು.

ಅವನು ಬೆಚ್ಚಿದ. "ಇನ್ನೊಂದ್ಸಲ ಮಾತಾಡಿ ಮಾವ."

"ಮಾತಾಡೋಕೆ ನನಗೆ ಯಾರೂ ಹೇಳಬೇಕಾಗಿಲ್ಲ!"

ಆ ದನಿಯ ಗುಂಯ್‌ಗುಡಿತ ಗಂಟಲಿಂದ ನೇರ ಅವನ ಬೆರಳಿಗೆ ಇಳಿಯುತ್ತಿತ್ತು. ನಡುಬೆರಳಿನಲ್ಲಿ, ನಡುಬೆರಳಿನಲ್ಲಿಯೇ. ಅವನ ಕಣ್ಣು ತುಂಬಿ ಬಂತು. ಹೆಂಡತಿ ಹೊಲಿಗೆ ಯಂತ್ರ ನಿಲ್ಲಿಸಿ ಎದ್ದು ಬಂದಳು.

ಅಂದಿನಿಂದ ಮಾವ ದಿನವೂ ಬಂದು ಮುಖ ಒಡ್ಡಿದರು. ಅವನು ಕನ್ನಡಿ ನೋಡುತ್ತ ಮುಟ್ಟುವನು, ಕಣ್ಣು ಮುಚ್ಚಿ ಮುಟ್ಟುವನು. ಮೊದಲು ಕೂದಲಿಗೆ ಎದುರಾಗಿ ಸವರಿದರೆ ಮಾತ್ರ ತಿಳಿಯುತ್ತಿತ್ತು; ಆಮೇಲೆ ಸುಮ್ಮನೆ ಇಟ್ಟರೂ ತಿಳಿಯತೊಡಗಿತು. ದವಡೆಯ ಕೆಳಗೆ ಅವರ ಗಡ್ಡಕ್ಕೊಂದು ಸುಳಿಯಿತ್ತು. ಅದನ್ನು ಕಣ್ಣು ಮುಚ್ಚಿಯೇ ಕಂಡುಹಿಡಿದ ದಿನ ಅವನು ಕತ್ತಿ ತೆಗೆದ.

ಒಂದು ಕೆನ್ನೆ ಮುಗಿಸಿದ ಮೇಲೆ ಧೈರ್ಯ ಮಾಡಿ ಕೇಳಿದ: "ಇಷ್ಟು ವರ್ಷ ನೀವು ನನ್ನ ಹತ್ರ ಯಾಕೆ ಬರಲಿಲ್ಲ ಮಾವ?"

"ನೀನು ಮಾವ ಅನ್ನೋ ಭಯಕ್ಕೆ ತುಟಿ ಪಿಟಕ್ ಅನ್ನಲ್ಲ. ಆ ಅಂಗಡೀಲಾದ್ರೆ ಹರಟೆ ಹೊಡೆಯೋಕೆ ಜನ ಇರ್ತಿದ್ರು. ಅಷ್ಟೇನಯ್ಯಾ. ನೀನೇನಂದ್ಕೊಂಡಿದ್ದೆ?"

ಅವನು ನಕ್ಕುಬಿಟ್ಟ. ನಗುವಾಗ ಕತ್ತಿ ದೂರ ಹಿಡಿದಿದ್ದ.

ಬೆರಳು ಪೂರ್ತಿ ಮೊದಲಿನಂತಾಗಲಿಲ್ಲ. ಚಳಿಗೆ ಜುಮುಗುಡುತ್ತದೆ, ತೋರುಬೆರಳು ಇನ್ನೂ ಮಂದ, ಅದರ ಕೆಲಸವನ್ನೂ ನಡುಬೆರಳೇ ಮಾಡುತ್ತದೆ. ಅಂಗಡಿ ಮತ್ತೆ ತೆರೆದ ಮೇಲೆ ಅವನು ಪ್ರತಿಯೊಬ್ಬರಿಗೂ ಕೈಯ ವಿಷಯ ಮೊದಲೇ ಹೇಳಿದ. ಇಬ್ಬರು ಮೂವರು ಏನೋ ನೆಪ ಹೇಳಿ ಎದ್ದುಹೋದರು. ರಾತ್ರಿ ಪಾಳಿ ಮುಗಿಸಿ ಬಂದ ಕಾವಲುಗಾರನೊಬ್ಬ ಎಲ್ಲ ಕೇಳಿಸಿಕೊಂಡು, "ಆಯ್ತು, ನೀವು ನಿಧಾನಕ್ಕೆ ಮಾಡಿ" ಎಂದು ತಲೆ ಹಿಂದಕ್ಕೊರಗಿಸಿದ. ಬೆರಳುಗಳು ಕೆನ್ನೆಯನ್ನು ಎಳೆದು ಹಿಡಿದು ಕತ್ತಿ ಕೆಳಗಿಳಿಯುವಷ್ಟರಲ್ಲಿ ಕಾವಲುಗಾರ ಸಣ್ಣಗೆ ಗೊರಕೆ ಹೊಡೆಯುತ್ತಿದ್ದ.