ಮಡಿಲಿಗಿಳಿದ ತಾಳ

ಶಹಾಪುರದ ಹಳೇ ಪೇಟೆಯ ಓಣಿಯಲ್ಲಿ ಸೋಮವಾರ ಸಂಜೆಯ ಹೆಂಗಸರ ಭಜನೆಗೆ ಇರುವುದು ಮೂರೇ ಜೊತೆ ತಾಳ. ಮೊದಲ ಜೊತೆ ಹಿರಿಯಳಾದ ಗೊಲ್ಲಾಳಮ್ಮನದು. ಪದ ಎತ್ತುವವಳೂ ಅವಳೇ, ಲಯ ಹಿಡಿಯುವವಳೂ ಅವಳೇ. ಉಳಿದೆರಡು ಜೊತೆ ರೇಣಮ್ಮನದು, ಬಸವೇಶ್ವರಿಯದು. ಅಲ್ಲಿ ಒಂದು ಕಟ್ಟುಪಾಡಿತ್ತು. ಯಾವ ತಾಳ ಉಳಿದೆರಡನ್ನು ಬಿಟ್ಟು ಬೇರೆ ಹೋಯಿತೋ ಆ ತಾಳದವಳು ಅದನ್ನು ಮಡಿಲಿಗಿಳಿಸಿ, ಪದ ಮುಗಿಯುವತನಕ ಸುಮ್ಮನೆ ಕೂಡಬೇಕು. ಯಾರೂ ಅವಳತ್ತ ನೋಡುವುದಿಲ್ಲ, ಹಾಡೂ ನಿಲ್ಲುವುದಿಲ್ಲ. ಶಿವನ ಹೆಸರು ನಡುವೆ ತುಂಡಾಗಬಾರದು, ಅಷ್ಟೇ.

ರೇಣಮ್ಮನ ತಾಳ ಮಡಿಲಿಗಿಳಿದದ್ದನ್ನು ಓಣಿಯಲ್ಲಿ ಕಂಡವರಿರಲಿಲ್ಲ. ಮದುವೆಯಾಗಿ ಬಂದಂದಿನಿಂದ ಅವಳು ಗೊಲ್ಲಾಳಮ್ಮನ ಎಡಮಗ್ಗುಲಲ್ಲೇ ಕೂತವಳು. ಒಂದಲ್ಲ ಒಂದು ದಿನ ಆ ಮೊದಲ ಜೊತೆ ತನ್ನ ಕೈಗೇ ಬರುವುದೆಂದು ನಂಬಿ ಕೂತವಳು.

ಎದುರು ಮನೆಗೆ ಕಲ್ಪನಾ ಸೊಸೆಯಾಗಿ ಬಂದ ಮೇಲೆ ಆ ನಂಬಿಕೆಗೆ ಗೆದ್ದಲು ಹತ್ತಿತು. ಕಲ್ಪನಾ ಕಲಬುರಗಿಯಲ್ಲಿ ವಿಮಾನ ರಿಪೇರಿ ಕಲಿಸುವ ಶಿಕ್ಷಕಿ. ಬಸ್ಸಿನಲ್ಲಿ ಹೋಗಿಬಂದು, ಮುಖ ತೊಳೆದು, ವಿಭೂತಿ ಹಚ್ಚಿಕೊಂಡು ನೇರ ಭಜನೆಗೆ ಬರುವಳು. ಗೊಲ್ಲಾಳಮ್ಮನ ಮಣಿಕಟ್ಟು ಬಾತಾಗ, ‘ವಾಸಿ ಆಗೂತನ ನೀ ಹಿಡಿ’ ಎಂದು ಮುದುಕಿ ತನ್ನ ತಾಳ ಕೊಟ್ಟದ್ದು ಈ ಕಲ್ಪನಾಳಿಗೆ. ಬಾವು ಇಳಿಯಿತು, ತಾಳ ಮಾತ್ರ ತಿರುಗಿ ಬರಲಿಲ್ಲ. ಆಮೇಲೆ ಕಲ್ಪನಾಳ ಸೆರಗು ಜಾರದೆ ನಿಲ್ಲುವುದೂ ರೇಣಮ್ಮನಿಗೆ ಸೇರದಾಯಿತು. ಪ್ರಸಾದದ ಬಾಳೆಹಣ್ಣಿನಲ್ಲಿ ದೊಡ್ಡದು ಯಾರ ಕೈಗೆ ಹೋಯಿತೆಂದು ಅವಳ ಕಣ್ಣು ತಾನಾಗಿ ನೋಡುತ್ತಿತ್ತು.

ಅಷ್ಟರಲ್ಲಿ ಗೊಲ್ಲಾಳಮ್ಮನ ಮಗ ತಾಯಿಯನ್ನು ಹೈದರಾಬಾದಿನಿಂದ ವಿಮಾನದಲ್ಲಿ ಕಾಶಿಗೆ ಕರೆದೊಯ್ಯುವುದೆಂದಾಯಿತು. ಹೊರಡುವ ಮುಂಚಿನ ಸೋಮವಾರ ಮೊದಲ ತಾಳ ಯಾರದೆಂದು ಹೇಳಿಯೇ ಹೋಗುವೆನೆಂದಳು ಮುದುಕಿ. ಆದರೆ ಅವಳಿಗೆ ವಿಮಾನದ ಅಂಜಿಕೆ. ಅಷ್ಟು ದೊಡ್ಡದನ್ನು ಡ್ರೈವರ್ ಒಬ್ಬನೇ ಕೈಯಲ್ಲಿ ಹ್ಯಾಗೆ ಜಗ್ಗುತ್ತಾನೆಂದು ಒಂದು ಭಜನೆ ಮುಗಿದ ಮೇಲೆ ಕೇಳಿದಳು.

ಕಲ್ಪನಾ ಎರಡೂ ಕೈ ರೆಕ್ಕೆಯಂತೆ ಚಾಚಿದಳು. ರೆಕ್ಕೆಯ ಹಿಂದಂಚಿಗೆ ಸಣ್ಣ ಬಾಗಿಲಿನಂಥ ಹಲಗೆಗಳಿರುತ್ತವೆ. ಒಂದು ಕಡೆಯದು ಮೇಲೆದ್ದು ಇನ್ನೊಂದು ಕಡೆಯದು ಕೆಳಗಿಳಿದರೆ ವಿಮಾನ ವಾಲುತ್ತದೆ. ಬಾಲದ ಅಡ್ಡ ಹಲಗೆ ಮೂತಿಯನ್ನು ಏರಿಸಿ ಇಳಿಸುತ್ತದೆ, ನೆಟ್ಟಗಿನದು ಎಡಬಲಕ್ಕೆ ತಿರುಗಿಸುತ್ತದೆ. ಹಾರುವಾಗಿನ ಗಾಳಿಗೆ ಎದುರಾಗಿ ಹಲಗೆ ದೂಡುವುದು ಮನುಷ್ಯನ ಕೈಯಿಂದಾಗದು. ಟ್ರ್ಯಾಕ್ಟರಿನ ಲಿಫ್ಟಿನಲ್ಲಿ ಇದ್ದಂತೆ ಒತ್ತಡದ ಎಣ್ಣೆಯೇ ದೂಡಬೇಕು. ಒಂದು ಎಣ್ಣೆಯ ಹಾದಿ ಸೋರಿದರೂ ಬೇರೆ ಹಾದಿ ಇರುತ್ತದೆ. ಪೈಲಟ್ ಕೈ ಆಡಿಸಿ ತನಗೇನು ಬೇಕೆಂದು ತಿಳಿಸುತ್ತಾನೆ. ಯಾವ ಹಲಗೆ ಎಷ್ಟು ಸರಿಯಬೇಕೆಂಬ ಲೆಕ್ಕ ಕಂಪ್ಯೂಟರಿನದು.

“ಅದಕ್ಕ ತಲಿ ತಿರುಗಿತಂದ್ರ?” ಎಂದಳು ಗೊಲ್ಲಾಳಮ್ಮ.

“ಒಂದಲ್ಲ ಆಯಿ, ನಾ ಕಲಿಸೋ ವಿಮಾನದಾಗ ಮೂರು ಅದಾವ. ಮೂರೂ ತಮ್ಮ ತಮ್ಮ ಲೆಕ್ಕ ಹಾಕ್ತಾವ. ಒಂದರದು ಉಳಿದೆರಡಕ್ಕ ಕೂಡಲಿಲ್ಲಂದ್ರ ಅದರ ಮಾತು ಬಿಟ್ಟುಬಿಡ್ತಾವ, ವಿಮಾನ ತನ್ನ ಪಾಡಿಗೆ ಹೋಗ್ತದ. ನಮ್ಮ ತಾಳ ಇದ್ದಂಗ.”

“ಹಂಗಾರ ಭಜನಿ ಮ್ಯಾಗೇ ಹಾರ್ತದನ್ನು,” ಎಂದು ಮುದುಕಿ ಅವಳ ಗಲ್ಲ ಸವರಿ ಲಟಿಕೆ ಮುರಿದಳು. ಹೆಂಗಸರೆಲ್ಲ ನಕ್ಕರು.

ಆ ಲಟಿಕೆ ರೇಣಮ್ಮನ ಎದೆಯಲ್ಲಿ ಮುರಿದಂತಾಯಿತು. “ಎರಡು ಕೂಡೇ ತಪ್ಪಿದ್ರವ್ವ?” ಎಂದು ಕೇಳಿದಳು. “ಆಗ ಸರಿ ಇದ್ದದ್ದೇ ಹೊರಗ ಬೀಳ್ತದಲ್ಲ.”

“ಖರೇ ಕೇಳಿದ್ರಿ, ರೇಣಕ್ಕಾ. ಒಂದೇ ತಪ್ಪು ಎಲ್ಲಕ್ಕೂ ಬರಬಾರದಂತ ಒಳಗಿನ ಸಾಮಾನೇ ಬ್ಯಾರೆ ಬ್ಯಾರೆ ಹಾಕಿರ್ತಾರ. ಆದ್ರೂ ಅಂಜಿಕಿ ಇರೋದು ಅಲ್ಲೇ.”

ಸಿಟ್ಟಿನಿಂದ ಕೇಳಿದ ಪ್ರಶ್ನೆಗೆ ಇಷ್ಟು ಮರ್ಯಾದೆಯ ಉತ್ತರ ಸಿಕ್ಕಿದ್ದು ರೇಣಮ್ಮನನ್ನು ಇನ್ನಷ್ಟು ಉರಿಸಿತು. ಆದರೆ ಅಂಜಿಕೆ ಎಲ್ಲಿದೆಯೆಂಬುದು ತಿಳಿಯಿತು. ಬಸವೇಶ್ವರಿ ಯಾವಾಗಲೂ ತನ್ನ ಜೊತೆಗೇ ಬಾರಿಸುವವಳು. ತಾನು ಲಯ ತುಸು ಎಳೆದರೆ ಅವಳೂ ಎಳೆದಾಳು. ಆಗ ಒಂಟಿಯಾಗುವುದು ಕಲ್ಪನಾಳ ತಾಳ. ಗೊಲ್ಲಾಳಮ್ಮನ ಎದುರಿಗೇ ಮಡಿಲಿಗಿಳಿಯುವುದೂ ಅದೇ.

ಕೊನೆಯ ಸೋಮವಾರ ಗೊಲ್ಲಾಳಮ್ಮ ಗೋಡೆಗೊರಗಿ ಕಣ್ಣು ಮುಚ್ಚಿ ಕೂತಳು. ಕಲ್ಪನಾ ಪದ ಎತ್ತಿದಳು. ಎರಡನೇ ನುಡಿಯಲ್ಲಿ ರೇಣಮ್ಮ ಪೆಟ್ಟನ್ನು ಕೂದಲೆಳೆಯಷ್ಟು ತಡೆದಳು. ಕಲ್ಪನಾ ಅಲುಗಲಿಲ್ಲ. ರೇಣಮ್ಮ ಇನ್ನಷ್ಟು ತಡೆದು ಬಸವೇಶ್ವರಿಯ ತೊಡೆಗೆ ಮೊಣಕಾಲು ತಾಗಿಸಿದಳು. ಬಸವೇಶ್ವರಿ ಪದದೊಳಗೆ ಮುಳುಗಿದ್ದಳು, ಅವಳ ಪೆಟ್ಟು ಕಲ್ಪನಾಳ ಪೆಟ್ಟಿನ ಮೇಲೇ ಬಿತ್ತು. ಇಷ್ಟು ವರ್ಷ ಅವಳು ಬಾರಿಸಿದ್ದು ತನ್ನ ಬೆನ್ನು ಹಿಡಿದಲ್ಲ, ಆ ಮೊದಲ ತಾಳದ ಬೆನ್ನು ಹಿಡಿದು ಎಂದು ರೇಣಮ್ಮನಿಗೆ ಆಗ ಹೊಳೆಯಿತು. ಅಷ್ಟರಲ್ಲಿ ರೇಣಮ್ಮನ ತಾಳವೇ ಒಂಟಿಯಾಗಿ ಝಣ್ ಎಂದಿತ್ತು.

ಯಾರೂ ನೋಡಲಿಲ್ಲ. ರೇಣಮ್ಮ ತಾಳವನ್ನು ಮಡಿಲಿಗಿಳಿಸಿದಳು.

ಹಾಡು ನಡೆಯಿತು. ಎಲ್ಲಾದರೂ ಒಂದು ತಪ್ಪು ಸಿಕ್ಕೀತೆಂದು ಅವಳು ಕಿವಿಗೊಟ್ಟು ಕೇಳಿದಳು. ಸಿಗಲಿಲ್ಲ. ತಾನಿಲ್ಲದೆಯೂ ಪದ ತುಂಬಿಕೊಂಡೇ ಇತ್ತು.

ಮುಗಿದ ಮೇಲೆ ಗೊಲ್ಲಾಳಮ್ಮ ಬಗ್ಗಿ, ಅವಳ ಕಿವಿಗಷ್ಟೇ ಕೇಳುವಂತೆ ಹೇಳಿದಳು: “ನಿನ್ನ ಕೈ ತಪ್ಪಂಗಿಲ್ಲ ರೇಣಾ. ತಪ್ಪಿಸಿದಿ.”



“ನನ್ನ ತಾಳ ಕಲ್ಪನಾನ ಕೈಯಾಗೇ ಇರ್ಲಿ,” ಎಂದು ಮುದುಕಿ ಈಗ ಎಲ್ಲರಿಗೂ ಕೇಳುವಂತೆ ಹೇಳಿದಳು. “ನೀ ತಾಳ ಎತ್ಕೋ. ಪದ ಮುಗೀತು.”

ರೇಣಮ್ಮ ಎತ್ತಿಕೊಂಡಳು. ಕಲ್ಪನಾ ಗಂಟಲು ಸರಿಮಾಡಿಕೊಂಡು ಮುಂದಿನ ಪದ ಎತ್ತಿದಳು. ಅದು ರೇಣಮ್ಮ ರೊಟ್ಟಿ ಬಡಿಯುವಾಗ ದಿನಾ ಗುನುಗುವ ಪದ. ಎದುರು ಮನೆಗೆ ಕೇಳಿಸದೆ ಇರಲಾರದು. ಬೇಕೆಂದೇ ಎತ್ತಿದಳೇನು? ಅವಳ ಮಣಿಕಟ್ಟನ್ನೇ ದಿಟ್ಟಿಸುತ್ತ ರೇಣಮ್ಮ ಪೆಟ್ಟಿಗೆ ಪೆಟ್ಟು ಕೂಡಿಸಿದಳು. ಬೇಕೆಂದೇ ಎತ್ತಿದ್ದರೆ ಆ ಮರ್ಯಾದೆಯನ್ನು ಸಹಿಸುವುದು ಇನ್ನೂ ಕಷ್ಟವಿತ್ತು.