ಅಳಿಸಿದ ಬಡಿತಗಳು

"ಹದಿನೇಳನೇ ಫೈಲು ಏನಮ್ಮಾ ಇಷ್ಟು ನುಣ್ಣಗಿದೆ? ಇಸ್ತ್ರಿ ಗಿಸ್ತ್ರಿ ಮಾಡಿದ್ಯಾ?" ಮೇಷ್ಟ್ರು ಅವಳ ಕುರ್ಚಿಯ ಹಿಂದೆ ನಿಂತು ಕೇಳಿದರು.

ಅವಳು ನಕ್ಕಳು. ಸಂಶೋಧನಾ ವಿಭಾಗದ ಆ ಇಕ್ಕಟ್ಟು ಕೋಣೆಯಲ್ಲಿ ಅವಳ ಕೆಲಸವೇ ಅದು. ನಲವತ್ತು ಜನ ಬಡಿತ ದಾಖಲಿಸುವ, ನೀರಿಗೂ ಕೆಡದ ಬೆಲ್ಟ್ ಎದೆಗೆ ಕಟ್ಟಿಕೊಂಡು ಒಂದಿಡೀ ದಿನ ಓಡಾಡಿ ತಂದುಕೊಟ್ಟ ಹೃದಯಬಡಿತಗಳನ್ನು ಲೆಕ್ಕಾಚಾರಕ್ಕೆ ಹಸನು ಮಾಡಿಕೊಡಬೇಕು. ಬೆಲ್ಟ್ ಜಾರಿದರೆ ಬಡಿತಗಳ ನಡುವಿನ ಅಂತರ ಅಡ್ಡಾದಿಡ್ಡಿಯಾಗುತ್ತದೆ. ಅಂಥದ್ದನ್ನು ಕಾಳಿನಿಂದ ಕಲ್ಲು ಆರಿಸಿದಂತೆ ಆರಿಸಿ ತೆಗೆದು, ಅಕ್ಕಪಕ್ಕದ ಸರಾಸರಿಯಿಂದ ತೇಪೆ ಹಾಕಬೇಕು.

"ಎಷ್ಟು ತೆಗೆದೆ?"

"ಎಂಟುನೂರು ಚಿಲ್ಲರೆ ಸರ್. ಬೆಲ್ಟ್ ಸಡಿಲ ಇತ್ತು."

"ಒಂದೊಂದೂ ಕಣ್ಣಲ್ಲಿ ನೋಡಿ ತೆಗೆದ್ಯೋ, ಒಂದೇ ಏಟಿಗೆ ತೆಗೆದ್ಯೋ?"

"ಒಂದೇ ಏಟಿಗೆ ಸರ್." ಉಳಿದ ಮೂವತ್ತೊಂಬತ್ತನ್ನೂ ಕಣ್ಣು ನೋಯುವಷ್ಟು ನೋಡಿದ್ದಳು. ಹದಿನೇಳು ಮಾತ್ರ ಅವಳ ಅಕ್ಕನದು. ಒಬ್ಬರು ಕಡಿಮೆ ಬಿದ್ದಾಗ, ಮಕ್ಕಳಿಗೆ ಈಜು ಕಲಿಸುವ ಅಕ್ಕನನ್ನು ಇವಳೇ ಕಾಡಿ ಬೇಡಿ ಒಪ್ಪಿಸಿದ್ದಳು. ಚಪ್ಪಲಿಯ ಪಟ್ಟಿಯನ್ನೂ ನೆಟ್ಟಗೆ ಹಾಕಿಕೊಳ್ಳದ ಅಕ್ಕ ಬೆಲ್ಟ್ ಕಟ್ಟಿಕೊಂಡಾಳೆಯೇ! "ಉಸಿರು ಕಟ್ಟೋ ಹಾಗೆ ಬಿಗಿದಿದ್ದೆ ಕಣೇ" ಎಂದು ಅವಳು ಆಣೆ ಮಾಡಿದರೂ ತಂಗಿ ಕಿವಿಗೆ ಹಾಕಿಕೊಂಡಿರಲಿಲ್ಲ.

"ಮೂಲ ಫೈಲು ತೆಗಿ," ಎಂದರು ಮೇಷ್ಟ್ರು. ಅವರ ಪೆನ್ಸಿಲ್ಲು ಪರದೆಯ ಮೇಲೆ ನಿಧಾನವಾಗಿ ಸರಿಯಿತು. "ಇಲ್ನೋಡು. ಒಂದು ಬಡಿತ ಬೇಗ ಬಂದಿದೆ, ಆಮೇಲೆ ಉದ್ದ ಬಿಡುವು. ಮತ್ತೆ ಬೇಗ, ಮತ್ತೆ ಬಿಡುವು. ಜಾರೋ ಬೆಲ್ಟು ಇಷ್ಟು ಶಿಸ್ತಾಗಿ ಜಾರತ್ತಾ?" ಪೆನ್ಸಿಲ್ಲು ನಿಂತಿತು. "ಇಲ್ಲಿ ಸಾಲಾಗಿ ಆರು. ಇದು ಕಸ ಅಲ್ಲಮ್ಮ, ಹೃದಯಾನೇ ಎಡವ್ತಿರೋದು. ಏನೂ ಆಗದೇನೂ ಇರಬಹುದು. ಆದ್ರೆ ಇವರು ಇವತ್ತೇ ಡಾಕ್ಟರ ಹತ್ರ ಹೋಗಬೇಕು. ಯಾರಿದು?"

"ನಮ್ಮಕ್ಕ ಸರ್."

ಆ ಆರು ಬಡಿತಗಳ ಎದುರಿಗೆ ಬೆಲ್ಟ್ ಕಟ್ಟಿದ್ದ ದಿನದ ಸಮಯವಿತ್ತು: ಸಂಜೆ ನಾಲ್ಕೂ ಮೂವತ್ತೈದು. ದಿನಾ ಅಕ್ಕ ನೀರಿನಲ್ಲಿರುವ ಹೊತ್ತು. ಗೋಡೆಯ ಗಡಿಯಾರದಲ್ಲಿ ಈಗ ನಾಲ್ಕೂ ಇಪ್ಪತ್ತು. ಫೋನು ಮಾಡಿದಳು. ಗಂಟೆ ಬಾರಿಸಿ ಬಾರಿಸಿ ಸುಮ್ಮನಾಯಿತು. ಮತ್ತೊಮ್ಮೆ ಮಾಡಿದಳು. ಆಮೇಲೆ ಬ್ಯಾಗನ್ನೂ ತೆಗೆದುಕೊಳ್ಳದೆ ಓಡಿದಳು.

ಈಜುಕೊಳಕ್ಕೆ ಎರಡೇ ಬೀದಿ, ಆದರೂ ಮುಗಿಯಲೊಲ್ಲದು. ದಾರಿಯುದ್ದಕ್ಕೂ ಅವಳಿಗೆ ಭಯವಾಗಿತ್ತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಗಿತ್ತು. ಎಂಟುನೂರು ಸಲ ಅಕ್ಕನ ಎದೆ ಹೇಳಿದ್ದನ್ನು ಅವಳೇ ಒಂದು ಗುಂಡಿ ಒತ್ತಿ ಅಳಿಸಿಹಾಕಿದ್ದಳು.

ಕೊಳದಲ್ಲಿ ಹಳದಿ ಟೋಪಿಯ ಪುಟ್ಟ ತಲೆಗಳು ಅಂಚು ಹಿಡಿದು ಸಾಲಾಗಿ ನಿಂತಿದ್ದವು. ಅಕ್ಕ ಕಾಣಲಿಲ್ಲ. ಮಕ್ಕಳೆಲ್ಲ ನೀರಿನತ್ತಲೇ ನೋಡುತ್ತಿದ್ದರು. ಅವಳು ಕೊಳದ ಅಂಚಿನವರೆಗೂ ಓಡಿದಳು.

ಆಚೆ ತುದಿಯಲ್ಲಿ ಅಕ್ಕ ಬುಳಕ್ಕನೆ ಮೇಲೆದ್ದಳು.

"ಮೇಲೆ ಬಾ ಅಕ್ಕ! ಈಗಲೇ ಬಾ!"

"ಏನೇ ಇದು, ದೆವ್ವ ಕಂಡವಳ ಹಾಗೆ?" ಅಕ್ಕ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದಳು. "ಮತ್ತೆ ಬೆಲ್ಟ್ ಸಡಿಲ ಅಂತ ಬೈಯೋಕೆ ಬಂದ್ಯಾ?"

"ಇಲ್ಲ ಅಕ್ಕ. ಬಿಗಿಯಾಗೇ ಇತ್ತು."

ಅವಳು ಅಕ್ಕನ ಒದ್ದೆ ಮಣಿಕಟ್ಟನ್ನು ಹಿಡಿದು ಬೆರಳೂರಿದಳು. ಒಂದು, ಎರಡು, ಮೂರು. ನಾಲ್ಕನೆಯದು ಅವಸರದಲ್ಲಿ ಬಂತು. ಆಮೇಲೆ ಏನೂ ಇಲ್ಲ. ಅಕ್ಕನ ಮೊಣಕೈಯಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಅವಳು ಮುಂದಿನದಕ್ಕೆ ಕಾಯುತ್ತಾ ನಿಂತಳು.